ಹತ್ತಿರದವರ ಸಾಲು

ಆ ಊರಿಗೆ ಇದ್ದದ್ದು ಒಂದೇ ಬಾಗಿಲು. ಬಾಗಿಲಿಗೆ ಎರಡು ಸಾಲು. ದೂರದವರದ್ದು ಒಂದು, ಹತ್ತಿರದವರದ್ದು ಇನ್ನೊಂದು.

ಸಮುದ್ರದಾಚೆಯಿಂದ ಬಂದವನಿಗೆ, ಅವನ ಹೆಸರು ಕುಲ ಯಾವುದೂ ಗೊತ್ತಿಲ್ಲದಿದ್ದರೂ, ಬಾಗಿಲು ತೆರೆಯುತ್ತಿತ್ತು. ಬತ್ತಿದ ಹೊಳೆಯಾಚೆಯಿಂದ ಬಂದವನಿಗೆ, ಅವನ ಅಜ್ಜಿಯ ಗೋರಿ ಊರೊಳಗೇ ಇದ್ದರೂ, ತೆರೆಯುತ್ತಿರಲಿಲ್ಲ. ಒಳಗಿನವರು ಯಾರಾದರೂ ಬಾಗಿಲ ತನಕ ಬಂದು, ಅವನ ಹೆಸರು ಹಿಡಿದು ಕರೆಯಬೇಕು. ಕರೆದರೆ ಒಳಗೆ. ಕರೆಯದಿದ್ದರೆ ಹೊರಗೆ, ಕೆಂಪು ಮಣ್ಣಿನ ಮೇಲೆ. ಕರೆದವರ ತಲೆಯ ಮೇಲೂ ಒಂದು ಭಾರ ಇತ್ತು ಅನ್ನಿ. ಬಂದವನು ಹೊತ್ತು ಮುಳುಗುವುದರೊಳಗೆ ಮರಳದಿದ್ದರೆ ಕರೆದವರನ್ನೇ ಹೊರಗೆ ಹಾಕಿ ಬಾಗಿಲು ಮುಚ್ಚುತ್ತಿದ್ದರು.

ಯಾಕೆ ಹೀಗೆ ಅಂತ ಕೇಳಿದರೆ ಊರಿನ ಹಿರಿಯರ ಹತ್ತಿರ ಉತ್ತರ ಸಿದ್ಧವಿತ್ತು. ದೂರದವನು ಇವತ್ತಲ್ಲ ನಾಳೆ ತನ್ನ ಮನೆಗೆ ಹೋಗಿಯೇ ಹೋಗುತ್ತಾನೆ, ಹತ್ತಿರದವನು ಬಂದರೆ ಇಲ್ಲೇ ಕೂತುಬಿಡುತ್ತಾನೆ ಅನ್ನುತ್ತಿದ್ದರು. ಇರಬಹುದು ಅಂದುಕೊಳ್ಳೋಣವೆಂದರೆ, ಊರಿನ ಒಳ್ಳೊಳ್ಳೆಯ ಮನೆಗಳಲ್ಲೆಲ್ಲ ಕೂತಿದ್ದವರು ದೂರದವರೇ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ, ಹಿತ್ತಲ ಗಿಡ ಮದ್ದಲ್ಲ. ನಾನು ಹೇಳಿದರೆ ಯಾರು ಕೇಳುತ್ತಾರೆ, ಬಿಡಿ.

ಒಂದು ಬೆಳಿಗ್ಗೆ ಹತ್ತಿರದವರ ಸಾಲಿನ ತುದಿಗೆ ಒಬ್ಬ ಹೆಂಗಸು ಬಂದು ನಿಂತಳು. ಕಾಲಿಗೆಲ್ಲ ಹೊಳೆಯ ಮಣ್ಣು. ಮುಂಗೈಗೆ ಹಳದಿ ದಾರ, ಮೈಯಲ್ಲಿ ಜ್ವರವಿಲ್ಲ ಅನ್ನುವುದಕ್ಕೆ. ಅದಿಲ್ಲದೆ ಹತ್ತಿರದವರು ಸಾಲಿನಲ್ಲೂ ನಿಲ್ಲುವಂತಿರಲಿಲ್ಲ. ಅವಳು ಅಕ್ಕ. ಅವಳ ತಂಗಿಯನ್ನು ಬಾಗಿಲೇ ಇಲ್ಲದಿದ್ದ ಕಾಲದಲ್ಲಿ ಈ ಊರಿಗೆ ಕೊಟ್ಟಿತ್ತು. ಗಂಡ ಊರಲ್ಲಿಲ್ಲದ ಹೊತ್ತಿನಲ್ಲಿ ಆ ತಂಗಿ ಈಗ ಹೆತ್ತಿದ್ದಳು. ಹೆಣ್ಣು ಕೂಸು. ಕೂಸು ಹಾಲು ಹಿಡಿಯುತ್ತಿಲ್ಲ, ಮೈ ಸುಡುತ್ತಿದೆ ಅಂತ ದೂರದವರ ಉಪ್ಪಿನ ಗಾಡಿಯವನು ಸುದ್ದಿ ತಂದಿದ್ದ. ಅವನಿಗೆ ಬಾಗಿಲು ದಾಟುವುದು ಅಂಗಳ ದಾಟಿದಷ್ಟೇ.

ಹೊಳೆಯ ಎರಡೂ ದಡದ ಜನಕ್ಕೆ ಒಂದು ಪದ್ಧತಿ ಇತ್ತು. ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ತಾಯಿಯ ಅಕ್ಕ. ಬೇರೆ ಯಾರು ಹೇಳಿದರೂ ಅದು ಹೆಸರಲ್ಲ, ಬರೀ ಗಾಳಿ. ಹೆಸರಾಗುವ ತನಕ ತಾಯಿ ಹೊಸ್ತಿಲು ದಾಟುವಂತಿಲ್ಲ. ಮದ್ದಿನವಳು ಮದ್ದು ಹಾಕುವಂತಿಲ್ಲ, ಯಾಕೆಂದರೆ ಮದ್ದನ್ನು ಹೆಸರು ಕರೆದೇ ಹಾಕಬೇಕು. ಹೆಸರಿಲ್ಲದ ಬಾಯಿಗೆ ಹಾಕಿದ ಮದ್ದು ಯಾರ ಮೈಗೆ ಹೋಗಬೇಕು ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ಹೆಸರಿಲ್ಲದೆ ಸತ್ತ ಕೂಸಿಗೆ ಗೋರಿಯೂ ಇಲ್ಲ, ಅತ್ತು ಕರೆಯುವವರೂ ಇಲ್ಲ. ಅಕ್ಕ ಹೊಳೆ ದಾಟಿ ಓಡಿ ಬಂದದ್ದು ಅದಕ್ಕೆ.

ಬಾಗಿಲಿನವನು ಎತ್ತರದ ಕಟ್ಟೆಯ ಮೇಲೆ ಕೂತಿದ್ದ. ದೂರದವರು ಬಂದರೆ ಎದ್ದು ನಿಲ್ಲುತ್ತಿದ್ದ. ಹತ್ತಿರದವರು ಬಂದರೆ ಅವರ ಕಾಲು ನೋಡುತ್ತಿದ್ದ. ಆಳುಗಳು ನೀರು ಹಾಕಿ ಹತ್ತಿರದವರ ಕಾಲು ತೊಳೆಯುತ್ತಿದ್ದರು, ಹೊರಗಿನ ಮಣ್ಣು ಒಳಗೆ ಬರಬಾರದು ಅಂತ. ಹೊರಗಿನದ್ದೂ ಕೆಂಪು, ಒಳಗಿನದ್ದೂ ಕೆಂಪು. ಆದರೂ ತೊಳೆಯುತ್ತಿದ್ದರು.

ಅಕ್ಕನ ಕಾಲು ತೊಳೆದರು.

"ಯಾಕೆ ಬಂದೆ?" ಅಂದ ಬಾಗಿಲಿನವನು.

"ನನ್ನ ತಂಗಿಯ ಕೂಸಿಗೆ ಹೆಸರಿಡೋಕೆ, ಅಯ್ಯಾ."

"ಕೂಸಿನ ಹೆಸರು?"

"ಇಟ್ಟಿಲ್ಲವಲ್ಲ. ಅದಕ್ಕೇ ಬಂದದ್ದು."

"ಹೆಸರಿಲ್ಲದ ಕೂಸು ನಮ್ಮ ಊರಲ್ಲಿ ಇಲ್ಲ. ಇಲ್ಲದ ಕೂಸನ್ನ ನೋಡೋಕೆ ನೀನು ಹೇಗೆ ಬರ್ತೀಯ?"

"ನನ್ನ ತಂಗಿ ಇದಾಳಲ್ಲ ಅಯ್ಯಾ. ತಂಗಿಯನ್ನ ನೋಡೋಕೆ ಅಂದ್ಕೊಳ್ಳಿ."

"ಹಾಗಾದರೆ ಅವಳು ಬಂದು ಕರೀಲಿ."

"ಅವಳು ಹೊಸ್ತಿಲು ದಾಟೋ ಹಾಗಿಲ್ಲ. ಕೂಸಿಗೆ ಹೆಸರಾಗಬೇಕು."

"ಆಗಲಿ. ಇಡು ಹೆಸರು."

"ಒಳಗೆ ಬಿಟ್ಟರೆ ತಾನೆ ಇಡೋದು?"

"ಅವಳು ಬಂದು ಕರೆದರೆ ತಾನೆ ಬಿಡೋದು?"

ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಅಕ್ಕ ಅವನ ಮುಖ ನೋಡಿದಳು. ಅವನ ಕೆನ್ನೆಯ ಮೇಲೆ ಹೊಳೆಯ ಜನರ ಮೂರು ಗೀರು ಇದ್ದವು, ಅವಳ ಕೆನ್ನೆಯ ಮೇಲಿದ್ದಂಥವೇ. ಅವನು ಅದನ್ನು ನೋಡಿಯೂ ನೋಡದವನ ಹಾಗೆ ಮುಂದಿನವರನ್ನು ಕರೆದ.

ಕರೆಯುವವರಿಲ್ಲದವರೆಲ್ಲ ಕೂರುತ್ತಿದ್ದದ್ದು ಆನೆಯಷ್ಟು ದಪ್ಪ ಬೊಡ್ಡೆಯ ಒಂದು ಬಾವೊಬಾಬ್ ಮರದ ಕೆಳಗೆ. ಎಲ್ಲರೂ ಒಬ್ಬರಿಗೊಬ್ಬರು ಬೆನ್ನು ಕೊಟ್ಟು ಕೂತಿದ್ದರು. ನಮ್ಮಲ್ಲಿ ಒಬ್ಬರು ಬಾಗಿಲಿನ ಕಿವಿ, ನಾವು ಆಡಿದ್ದನ್ನೆಲ್ಲ ಹೋಗಿ ಹೇಳುತ್ತಾರೆ ಅನ್ನುವ ಮಾತು ಆ ಮರದ ಕೆಳಗೆ ಬಾಗಿಲಿನಷ್ಟೇ ಹಳೆಯದು. ಯಾರು ಅಂತ ಯಾರಿಗೂ ಗೊತ್ತಿಲ್ಲ. ಹಾಗಾಗಿ ಎಲ್ಲರೂ ಎಲ್ಲರನ್ನೂ ಅದೇ ಅಂದುಕೊಂಡಿದ್ದರು. ಒಬ್ಬ ಕೆಮ್ಮಿದರೆ ಇನ್ನೊಬ್ಬ ತಿರುಗಿ ನೋಡುವನು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದಕ್ಕೆ ಅಲ್ಲಿ ಎಲ್ಲರೂ ತಯಾರು.

ಅಕ್ಕನ ಪಕ್ಕ ಒಣಮೀನು ಮಾರುವವಳೊಬ್ಬಳು ಕೂತಿದ್ದಳು. ಬುಟ್ಟಿಯಲ್ಲಿ ಮೀನು ಪುಡಿಯಾಗುತ್ತ ಬಂದಿತ್ತು. ಅವಳು ತುಟಿ ಅಲ್ಲಾಡಿಸದೆ ಮಾತಾಡುತ್ತಿದ್ದಳು.

"ತಾಯಿ, ಎಷ್ಟು ಹೊತ್ತು ಅಂತ ಹೀಗೆ ಕೂರ್ತೀಯ? ಕೂಸು ಕಾಯುತ್ತಾ?"

"ಕೂಸಿನ ವಿಷಯ ನಿನಗೆ ಯಾರು ಹೇಳಿದರು?" ಅಂದಳು ಅಕ್ಕ. ಬೆನ್ನು ನೆಟ್ಟಗಾಯಿತು.

"ನೀನೇ ಕಟ್ಟೆ ಹತ್ತಿರ ಹೇಳ್ತಿದ್ದೆಯಲ್ಲ. ನನಗೇನು ಕಿವಿ ಇಲ್ವಾ?" ಒಣಮೀನಿನವಳು ಬುಟ್ಟಿಯ ತಳಕ್ಕೆ ಕೈ ಹಾಕಿ ಒಂದು ಬಿಳಿ ಮುಸುಕು ತೆಗೆದಳು, ಸಮುದ್ರದಾಚೆಯ ಹೆಂಗಸರು ತಲೆಯಿಂದ ಸೊಂಟದ ತನಕ ಇಳಿಬಿಡುತ್ತಾರಲ್ಲ, ಅಂಥದ್ದು. "ಇದನ್ನ ಹಾಕ್ಕೊಂಡು ಆ ಸಾಲಿನಲ್ಲಿ ಹೋಗು. ದೂರದವರ ಮುಸುಕು ಎತ್ತಿ ನೋಡೋ ಧೈರ್ಯ ಇವರಿಗಿಲ್ಲ. ಬಾಯಿ ಮಾತ್ರ ಬಿಡಬೇಡ."

"ಅಷ್ಟು ಸುಲಭ ಇದ್ದರೆ ನೀನೇ ಯಾಕೆ ಹೋಗಲಿಲ್ಲ?"

"ಮೀನಿನ ವಾಸನೆ ಮುಸುಕಿನೊಳಗೆ ಅಡಗುತ್ತೇನಮ್ಮ?"

ಅಕ್ಕ ಆ ಮುಸುಕನ್ನು ತಿರುಗಿಸಿ ಮುರುಗಿಸಿ ನೋಡಿದಳು. ಇವಳೇ ಬಾಗಿಲಿನ ಕಿವಿ ಇರಬಹುದು. ಹಿಡಿದುಕೊಡುವುದಕ್ಕೇ ಕೊಡುತ್ತಿರಬಹುದು. ಹೋದರೆ ಸಿಕ್ಕಿಬೀಳಬಹುದು, ಹೋಗದಿದ್ದರೆ ಕೂಸು ಉಳಿಯದು. ಅಕ್ಕ ಎದ್ದು ಮುಸುಕು ಹೊದ್ದಳು. ಹಳದಿ ದಾರವನ್ನು ಹಲ್ಲಿನಿಂದ ಕಚ್ಚಿ ಹರಿದಳು. ದೂರದವರಿಗೆ ಅದು ಬೇಕಿಲ್ಲ, ಅವರ ಜ್ವರ ಜ್ವರವಲ್ಲ.

ದೂರದವರ ಸಾಲು ಸಾಲೇ ಅಲ್ಲ, ಸಲೀಸಾದ ಹಾದಿ. ಆಳುಗಳು ಪಕ್ಕಕ್ಕೆ ಸರಿದರು. ಯಾರೂ ಕಾಲು ತೊಳೆಯಲಿಲ್ಲ. ಯಾರೂ ಯಾಕೆ ಬಂದೆ ಅನ್ನಲಿಲ್ಲ. ಮುಸುಕಿನೊಳಗೆ ಅವಳಿಗೆ ಒಂದು ಬಗೆಯ ನಾಚಿಕೆಯಾಯಿತು, ಜೊತೆಗೆ ಒಂದು ಬಗೆಯ ತಣ್ಣನೆಯ ಒಂಟಿತನ. ಇಷ್ಟು ಜನರ ನಡುವೆ ನಡೆಯುತ್ತಿದ್ದರೂ ಅವಳು ಯಾರೆಂದು ಕೇಳುವವರೇ ಇರಲಿಲ್ಲ.

ಬಾಗಿಲಿನವನು ಎದ್ದು ನಿಂತ, ತಲೆ ಬಾಗಿಸಿದ. ಅವಳು ಅವನನ್ನು ದಾಟುವಾಗ, ನೆಲ ನೋಡುತ್ತಲೇ, ಸಣ್ಣ ದನಿಯಲ್ಲಿ ಅಂದ:

"ಮನೆ ಎದ್ದಿತಾ?"

"ಎದ್ದಿತು. ನಿಮ್ಮ ಮನೆ ಎದ್ದಿತಾ?" ಅಂದುಬಿಟ್ಟಳು ಅಕ್ಕ.

ಏನು ಮಾಡುತ್ತೀರಿ ಹೇಳಿ. ಹೊಳೆಯ ಜನ ಬೆಳಿಗ್ಗೆ ಒಬ್ಬರನ್ನೊಬ್ಬರು ಕಂಡರೆ ಹೀಗೆಯೇ ಕೇಳಿಕೊಳ್ಳುತ್ತಾರೆ. ಮನೆ ಎದ್ದಿತಾ, ಒಲೆ ಎದ್ದಿತಾ, ಹಟ್ಟಿ ಎದ್ದಿತಾ, ಮಕ್ಕಳು ಎದ್ದರಾ. ಒಬ್ಬರು ಕೇಳುವುದು, ಇನ್ನೊಬ್ಬರು ಹೇಳಿ ಹಿಂದಿರುಗಿ ಕೇಳುವುದು, ಕೊನೆಗೆ ಒಬ್ಬರ ಹೆಸರು ಒಬ್ಬರು ಹೇಳಿ ಒಳ್ಳೆಯದಾಗಲಿ ಅನ್ನುವುದು. ಮನೆಗೆ ಬೆಂಕಿ ಬಿದ್ದಿದ್ದರೂ ಮೊದಲು ಇದಕ್ಕೆ ಉತ್ತರ ಕೊಟ್ಟು ಆಮೇಲೆ ನೀರಿಗೆ ಓಡುವ ಜನ ಅವರು. ತೊಟ್ಟಿಲಲ್ಲಿ ಕಲಿತದ್ದನ್ನು ಮುಸುಕು ಹೊದ್ದು ಮರೆಸುವುದಕ್ಕಾಗುತ್ತದೆಯೇ? ಬಾಗಿಲಿನವನು ಇದೇ ಉಪಾಯದಿಂದ ಎಷ್ಟೋ ಜನರನ್ನು ಹಿಡಿದಿದ್ದ. ಉತ್ತರ ಬಂದ ಕೂಡಲೇ, ಅವರು ತಿರುಗಿ ಕೇಳುವ ಮೊದಲೇ, ನಕ್ಕು ಮುಖ ತಿರುಗಿಸುತ್ತಿದ್ದ, ಆಳುಗಳು ಹೊರಗೆ ದಬ್ಬುತ್ತಿದ್ದರು.

ಈ ಸಲವೂ ಅವನು ನಗುವುದಕ್ಕೆ ಬಾಯಿ ತೆರೆದ. ಆದರೆ ಆಚೆ ಹತ್ತಿರದವರ ಸಾಲಿನಲ್ಲಿ ನಿಂತವರೆಲ್ಲ ಅವಳ ಪ್ರಶ್ನೆಯನ್ನು ಕೇಳಿಸಿಕೊಂಡಿದ್ದರು. ಬೆಳಗಿನ ಪ್ರಶ್ನೆ ಗಾಳಿಯಲ್ಲಿ ಹಾಗೇ ನಿಂತರೆ ಆ ಜನಕ್ಕೆ ಮೈಮೇಲೆ ಇರುವೆ ಹರಿದಂತೆ. ಎಲ್ಲರೂ ಅವನ ಬಾಯಿಯನ್ನೇ ನೋಡಿದರು. ಆ ಬಾಯಿಯೂ ಅದೇ ತೊಟ್ಟಿಲಿನದ್ದು ನೋಡಿ.

"ಎದ್ದಿತು," ಅಂದ ಬಾಗಿಲಿನವನು. ಅಂದ ಮೇಲೆ ಅವನ ಮುಖ ಬಿಳಿಚಿಕೊಂಡಿತು. ಆದರೂ ನಾಲಗೆ ನಿಲ್ಲಲಿಲ್ಲ. "ನಿಮ್ಮ ಒಲೆ ಎದ್ದಿತಾ?"

"ಎದ್ದಿತು. ನಿಮ್ಮ ಒಲೆ ಎದ್ದಿತಾ?"

"ಎದ್ದಿತು. ನಿಮ್ಮ ಹಟ್ಟಿ ಎದ್ದಿತಾ?"

"ಎದ್ದಿತು. ನಿಮ್ಮ ಹಟ್ಟಿ ಎದ್ದಿತಾ?"

"ಎದ್ದಿತು. ಮಕ್ಕಳು ಎದ್ದರಾ?"

ಅಕ್ಕ ಮುಸುಕು ತೆಗೆದಳು. "ಒಂದು ಏಳಲಿಲ್ಲ," ಅಂದಳು. "ಅದಕ್ಕೆ ಇನ್ನೂ ಹೆಸರಿಲ್ಲ. ನಿಮ್ಮ ಮಕ್ಕಳು ಎದ್ದರಾ, ಅಯ್ಯಾ?"

"ಎದ್ದರು," ಅಂದ ಅವನು. ಇನ್ನು ಉಳಿದಿದ್ದದ್ದು ಹೆಸರು. ಅವನು ನಿಂತಿದ್ದದ್ದು ಬಾಗಿಲ ಒಳಗೆ, ಅವಳು ನಿಂತಿದ್ದದ್ದು ಬಾಗಿಲಲ್ಲಿ. ಅವಳು ತನ್ನ ಹೆಸರು ಹೇಳಿದಳು. ಅವನು ಅದನ್ನು ಬಾಯಿಯೊಳಗೇ ಬಹಳ ಹೊತ್ತು ಇಟ್ಟುಕೊಂಡ. ಕೊನೆಗೆ, ಕಲ್ಲು ಉಗುಳುವವನ ಹಾಗೆ, "ಒಳ್ಳೆಯದಾಗಲಿ, ಚೌಸಿಕು," ಅಂದ.

ಒಳಗಿನವನೊಬ್ಬ ಹೊರಗಿನವಳನ್ನು ಹೆಸರು ಹಿಡಿದು ಕರೆದಾಗಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಳುಗಳು ಕೆಳಗೆ ನೋಡುತ್ತ ಅವಳ ಕಾಲು ತೊಳೆದರು.

"ನೀನು ಬೇಕಂತಲೇ ತಿರುಗಿ ಕೇಳಿದೆ," ಅಂದ ಬಾಗಿಲಿನವನು.

"ನೀವು ಬೇಕಂತಲೇ ಉತ್ತರ ಕೊಟ್ಟಿರಿ," ಅಂದಳು ಅಕ್ಕ.

"ಹೊತ್ತು ಮುಳುಗೋದರೊಳಗೆ ಬಾ. ಬರದಿದ್ದರೆ ನಾನು ಆ ಮರದ ಕೆಳಗೆ. ನಿನ್ನನ್ನ ನಾನು ನಂಬಲ್ಲ."

"ನಿಮ್ಮನ್ನ ನಾನೂ ನಂಬಲ್ಲ, ಅಯ್ಯಾ," ಅಂದು ಅವಳು ನಡೆದಳು.

ಬೀದಿಯುದ್ದಕ್ಕೂ ಬಾಗಿಲುಗಳು ಒಂದು ಬೆರಳಿನಷ್ಟು ತೆರೆದಿದ್ದವು. ಪ್ರತಿಯೊಂದು ಸಂದಿಯಲ್ಲೂ ಒಂದು ಕಣ್ಣು. ದಾರಿ ಕೇಳಿದರೆ ಒಬ್ಬ ಮುದುಕಿ, ಯಾರು ಕರೆದರು ನಿನ್ನನ್ನ ಅಂತ ಕೇಳಿ, ಉತ್ತರಕ್ಕೆ ಕಾಯದೆ ಬಾಗಿಲು ಹಾಕಿಕೊಂಡಳು. ಅಕ್ಕನಿಗೂ ಹಿಂದೆ ಯಾರೋ ಬರುತ್ತಿದ್ದಾರೆ ಅನ್ನಿಸತೊಡಗಿತು. ತಿರುಗಿ ನೋಡಿದರೆ ಒಂದು ಮೇಕೆ. ಮೇಕೆಯನ್ನೂ ಅವಳು ಸ್ವಲ್ಪ ಹೊತ್ತು ನಿಂತು ನೋಡಿದಳು.

ತಂಗಿಯ ಮನೆಯ ಅಂಗಳದಲ್ಲಿ ಮದ್ದಿನವಳು ಅರೆದ ಬೇರಿನ ಬಟ್ಟಲು ಹಿಡಿದು ಕೂತಿದ್ದಳು. ಮದ್ದು ಒಣಗಬಾರದೆಂದು ಆಗಾಗ ಒಂದು ಹನಿ ನೀರು ಬಿಡುತ್ತಿದ್ದಳು. ಮನೆಯ ಬಾಗಿಲು ಮುಚ್ಚಿತ್ತು.

"ತಂಗೀ, ನಾನು ಬಂದೆ. ಬಾಗಿಲು ತೆಗಿ."

ಒಳಗೆ ಒಂದು ಉಸಿರು ಬಾಗಿಲ ಹತ್ತಿರ ಬಂತು. "ನಾನು ಅಂದರೆ ಯಾರು ಅಂದುಕೊಳ್ಳಲಿ?"

"ನಿನ್ನ ಅಕ್ಕ ಕಣೇ."

"ನಮ್ಮಕ್ಕ ಹೊಳೆ ಆಚೆ ಇದಾಳೆ. ನಾನು ಕರೆಯದೆ ಅವಳು ಬರೋ ಹಾಗಿಲ್ಲ. ನಾನು ಕರೆದಿಲ್ಲ. ನಿನ್ನನ್ನ ಕರೆದದ್ದು ಯಾರು?"

ಸುಳ್ಳು ಹೇಳಬಹುದಿತ್ತು. ಸುಳ್ಳೇ ನಂಬುವ ಹಾಗಿರುತ್ತಿತ್ತು. ಆದರೆ ಅಕ್ಕನಿಗೆ ಅಷ್ಟು ಹೊತ್ತಿಗೆ ಸುಳ್ಳು ಸಾಕಾಗಿತ್ತು. "ಬಾಗಿಲಿನವನೇ ಕರೆದ," ಅಂದಳು.

ಒಳಗೆ ತಂಗಿ ನಕ್ಕಳು, ಕೆಟ್ಟ ನಗು. "ಬಾಗಿಲಿನವನು ಹತ್ತಿರದವರನ್ನ ಕರೆದನಂತೆ. ಕತ್ತೆ ಕೂಡ ನಗುತ್ತೆ. ನೀನು ಬಾಗಿಲಿನ ಕಡೆಯವಳು. ಹೆಸರಿಲ್ಲದ ಕೂಸು ಇದೆಯಾ ಅಂತ ನೋಡೋಕೆ ಬಂದಿದೀಯ. ಇಲ್ಲಿ ಯಾವ ಕೂಸೂ ಇಲ್ಲ, ಹೋಗು."

"ನಮ್ಮವ್ವ ಉರಿಗೆ ಏನು ಹಚ್ಚುತ್ತಿದ್ದಳು ಕೇಳು. ನೀನು ಯಾವ ಮರದಿಂದ ಬಿದ್ದೆ ಕೇಳು."

"ಬಾಗಿಲಿನವರಿಗೆ ಎಲ್ಲಾ ಗೊತ್ತಿರುತ್ತೆ."

ಅಕ್ಕ ಹೊಸ್ತಿಲ ಹೊರಗೆ ಕುಸಿದು ಕೂತಳು. ಕಟ್ಟೆಯ ಮೇಲಿನವನ ಹತ್ತಿರ ಅವಳಿಗೆ ಮಾತು ಸಿಕ್ಕಿತ್ತು, ಒಡಹುಟ್ಟಿದವಳ ಹತ್ತಿರ ಸಿಗಲಿಲ್ಲ. ಒಂದೇ ಮೊಲೆಯ ಹಾಲು ಕುಡಿದವಳು ಹೀಗಂದಳಲ್ಲ ಅಂತ ಅವಳ ಕಣ್ಣಲ್ಲಿ ನೀರು ಬಂತು. ಒಳಗಿನಿಂದ ಕೂಸಿನ ಕುಂಯ್‌ಗುಟ್ಟುವ ದನಿ ಕೇಳುತ್ತಿತ್ತು. ಆಮೇಲೆ ಅದು ಕೇಳಲಿಲ್ಲ.

ಮದ್ದಿನವಳು ಬಟ್ಟಲು ಹಿಡಿದು ಎದ್ದಳು. ಅವಳಿಗೆ ಯಾರ ಮೇಲೂ ಪ್ರೀತಿ ಇದ್ದಂತೆ ಕಾಣಲಿಲ್ಲ, ಮದ್ದು ಹಾಳಾಗುತ್ತದೆ ಅನ್ನುವ ಸಿಟ್ಟು ಮಾತ್ರ ಇತ್ತು. "ಏ ಹುಡುಗಿ, ಇವಳು ನಿನ್ನ ಅಕ್ಕ ಅಲ್ಲದಿದ್ದರೆ ಇವಳಿಟ್ಟ ಹೆಸರು ನಿಲ್ಲಲ್ಲ, ಮದ್ದು ಹತ್ತಲ್ಲ, ಈಗಿನ ಹಾಗೇ ಇರುತ್ತೆ. ಅಕ್ಕ ಆಗಿದ್ದರೆ ಕೂಸು ಉಳಿಯುತ್ತೆ. ತೆಗೆದರೆ ನಿನ್ನ ಗಂಟೇನು ಹೋಗುತ್ತೆ?"

ಬಾಗಿಲು ಒಂದು ಬೆರಳಿನಷ್ಟು ತೆರೆಯಿತು. ಸಂದಿಯಲ್ಲಿ ತಂಗಿಯ ಕಣ್ಣು, ನಿದ್ದೆಗೆಟ್ಟು ಕೆಂಪಾದದ್ದು.

"ಒಂದು ಮಾತಿಗೆ ಒಪ್ಪಿದರೆ ಬಿಡ್ತೀನಿ," ಅಂದಳು ತಂಗಿ. "ಅವಳಿಗೆ ದೂರದವರ ಹೆಸರಿಡು. ಸಮುದ್ರದಾಚೆಯ ಹೆಸರು. ನಾಳೆ ಯಾವ ಊರಿನ ಬಾಗಿಲಿಗೆ ಹೋದರೂ ಅವಳನ್ನ ಯಾರೂ ನಿಲ್ಲಿಸಬಾರದು. ನೀನು ಬಾಗಿಲಿನ ಕಡೆಯವಳಾದರೆ ನಮ್ಮ ಹೆಸರೇ ಇಡ್ತೀಯ, ಮುಂದೆ ಹಿಡಿದು ನಿಲ್ಲಿಸೋಕೆ ಅನುಕೂಲ ಅಂತ. ದೂರದ ಹೆಸರಿಟ್ಟರೆ ನೀನು ನಮ್ಮಕ್ಕ ಅಂತ ನಂಬ್ತೀನಿ."

"ಆಯ್ತು," ಅಂದಳು ಅಕ್ಕ. ಒಳಗೆ ಹೋಗುವುದಕ್ಕೆ ಆ ಕ್ಷಣ ಏನು ಕೇಳಿದ್ದರೂ ಆಯ್ತು ಅನ್ನುತ್ತಿದ್ದಳು.

ಕೂಸು ಚಾಪೆಯ ಮೇಲೆ ಮಲಗಿತ್ತು. ಕೆನ್ನೆಯ ಮೇಲೆ ಇನ್ನೂ ಗೀರಿಲ್ಲ. ಉಸಿರು ಬರುತ್ತಿದೆಯೋ ಇಲ್ಲವೋ ಅನ್ನುವಷ್ಟು ಸಣ್ಣಗೆ ಬರುತ್ತಿತ್ತು. ಅಕ್ಕ ಅದನ್ನು ಎತ್ತಿ ಮಡಿಲಿಗೆ ಹಾಕಿಕೊಂಡಳು. ದೂರದ ಹೆಸರು ಅವಳ ನಾಲಗೆಯ ತುದಿಯಲ್ಲೇ ಇತ್ತು. ಉಪ್ಪಿನ ಗಾಡಿಯವನ ಹೆಂಡತಿಯ ಹೆಸರು, ಚೆಂದದ್ದು, ಎಲ್ಲ ಬಾಗಿಲಿಗೂ ಒಗ್ಗುವಂಥದ್ದು. ಅದನ್ನಿಟ್ಟರೆ ತಂಗಿ ನಂಬುತ್ತಾಳೆ. ಇಡದಿದ್ದರೆ ಜೀವಮಾನವಿಡೀ ಬಾಗಿಲಿನವಳು ಅಂತಲೇ ಅಂದುಕೊಳ್ಳುತ್ತಾಳೆ. ಅಕ್ಕ ಬಾಗಿದಳು. ಮುಸುಕಿನೊಳಗೆ ನಡೆದ ಆ ನಾಲ್ಕು ಹೆಜ್ಜೆಯ ತಣ್ಣನೆಯ ಒಂಟಿತನ ಅವಳ ಮೈಗೆ ಮತ್ತೆ ಬಂತು. ಕೂಸಿನ ಕಿವಿಗೆ ಬಾಯಿಟ್ಟು ಹೆಸರು ಹೇಳಿದಳು.

"ಏನು ಹೆಸರು?" ಅಂದಳು ಮದ್ದಿನವಳು.

"ಮಸೀಕಾ."

ತಂಗಿ ಎದೆಯ ಮೇಲೆ ಕೈ ಇಟ್ಟುಕೊಂಡಳು. ಅದು ಅವರ ಅವ್ವನ ಹೆಸರು. ಹೊಳೆಯ ಎರಡೂ ದಡದಲ್ಲಿ ಮನೆಗೊಬ್ಬಳು ಮಸೀಕಾ ಇದ್ದಳು. ಯಾವ ಬಾಗಿಲಿನವನಾದರೂ ಕೇಳಿದ ಕೂಡಲೇ ಹತ್ತಿರದವಳು ಅನ್ನುವ ಹೆಸರು.

ಮದ್ದಿನವಳು ಯಾರ ಮುಖವನ್ನೂ ನೋಡದೆ ಮಸೀಕಾ ಅಂತ ಕರೆದು, ಬೆರಳಿನಿಂದ ಮದ್ದು ತೆಗೆದು ಕೂಸಿನ ತುಟಿಗೆ ಸವರಿದಳು. ಕೂಸು ಮುಖ ಹಿಂಡಿತು. ಇನ್ನೊಮ್ಮೆ ಕರೆದಳು, ಇನ್ನೊಮ್ಮೆ ಸವರಿದಳು. ಈ ಸಲ ಕೂಸಿನ ಗಂಟಲು ಅಲ್ಲಾಡಿತು. ಆಮೇಲೆ ಅದು ಕಹಿಗೆ ಸಿಟ್ಟು ಬಂದು ಗಟ್ಟಿಯಾಗಿ ಅತ್ತಿತು.

"ಹತ್ತಿತು," ಅಂದಳು ಮದ್ದಿನವಳು, ಬಟ್ಟಲು ಒರೆಸುತ್ತ.

ತಂಗಿ ಕೂಸನ್ನು ಕಿತ್ತುಕೊಂಡಂತೆ ಎತ್ತಿಕೊಂಡಳು. ಮೈ ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ ಅಕ್ಕನ ಕಡೆ ತಿರುಗಿದಳು. "ಮಾತು ಕೊಟ್ಟು ತಪ್ಪಿದೆ. ಇನ್ನು ಅವಳು ಹೋದಲ್ಲೆಲ್ಲ ಕಾಲು ತೊಳೆಸಿಕೊಂಡು ನಿಲ್ಲಬೇಕು. ಎಲ್ಲಾ ಬಾಗಿಲಲ್ಲೂ ಅವಳನ್ನ ನಿಲ್ಲಿಸ್ತಾರೆ, ಅಕ್ಕ."

ಅಕ್ಕ ಅನ್ನುವ ಮಾತು ತನ್ನ ಬಾಯಿಂದ ಬಂದದ್ದು ತಂಗಿಗೇ ಗೊತ್ತಾಗಲಿಲ್ಲ.

"ನಿಲ್ಲಿಸಲಿ," ಅಂದಳು ಅಕ್ಕ. "ದೂರದ ಹೆಸರಿಟ್ಟಿದ್ದರೆ ಯಾರೂ ನಿಲ್ಲಿಸುತ್ತಿರಲಿಲ್ಲ, ನಿಜ. ಯಾರೂ ಕರೆಯುತ್ತಲೂ ಇರಲಿಲ್ಲ. ಇವಳನ್ನ ಕರೆಯೋಕೆ ನೀನಿದೀಯಲ್ಲ."

ಅವಳು ಎದ್ದಳು. ಕಿಟಕಿಯ ಬೆಳಕು ಗೋಡೆ ಹತ್ತುತ್ತಿತ್ತು, ಹೊರಡಬೇಕಿತ್ತು. ನಂಬದೆಯೇ ಕರೆದವನೊಬ್ಬ ಅಲ್ಲಿ ಕಾಯುತ್ತಿದ್ದ. ಅನುಮಾನ ಅಷ್ಟು ಬೇಗ ಬಿಟ್ಟು ಹೋಗುವ ಜ್ವರವಲ್ಲ. ತಂಗಿ ಕೂಸನ್ನೇ ನೋಡುತ್ತಿದ್ದಳು. ಅಕ್ಕ ಅಂಗಳ ದಾಟಿ ಬೀದಿಗೆ ಇಳಿದಳು. ಎರಡೂ ಕಡೆಯ ಸಂದಿಗಳಲ್ಲಿ ಕಣ್ಣುಗಳು ಹಾಗೇ ಇದ್ದವು.

ಹಿಂದಿನಿಂದ ಬಾಗಿಲ ಸದ್ದಾಯಿತು. ತಂಗಿ ಬಾಗಿಲನ್ನು ಗೋಡೆಗೆ ತಾಗುವ ತನಕ ಪೂರ್ತಿ ತೆರೆದು, ಕೂಸನ್ನು ಎತ್ತಿಕೊಂಡು ಹೊಸ್ತಿಲು ದಾಟಿ ಅಂಗಳಕ್ಕೆ ಬಂದಿದ್ದಳು. ಮೊದಲು ತನಗೆ ಮಾತ್ರ ಕೇಳುವ ಹಾಗೆ, ಮಸೀಕಾ ಅಂದಳು. ಆಮೇಲೆ ಬೀದಿಯ ಎಲ್ಲಾ ಸಂದಿಗಳಿಗೂ ಕೇಳುವ ಹಾಗೆ, ಗಂಟಲು ಹರಿಯುವಷ್ಟು ಗಟ್ಟಿಯಾಗಿ ಅದೇ ಹೆಸರು ಹಿಡಿದು ಕರೆದಳು.